ಮೂರನೇ ಹಾಳೆಯ ಕೊನೆಯ ಸಾಲು

ನೋಟಿಸು ಮನೆಗೆ ಬಂದಿದ್ದು ಒಂದು ಶನಿವಾರ. ಎರಡು ದಿನ ಮೊದಲೇ ಇಮೇಲಿನಲ್ಲೂ ಬಂದು ಸ್ಪ್ಯಾಮಿನಲ್ಲಿ ಕೂತಿತ್ತು, ನಾನು ನೋಡಿರಲಿಲ್ಲ. ರಿಜಿಸ್ಟರ್ಡ್ ಪೋಸ್ಟಿನ ಲಕೋಟೆಗೆ ಅಮ್ಮ ಸಹಿ ಹಾಕಿ ತೆಗೆದುಕೊಂಡಿದ್ದರು. "ವಕೀಲರ ಕಾಗದ ಅಂತೆ, ಪೋಸ್ಟ್‌ಮ್ಯಾನ್ ಹೇಳ್ದ" ಅಂದರು.

ಹನ್ನೊಂದು ಪುಟ ಇತ್ತು. ಮೊದಲ ಹತ್ತರಲ್ಲಿ ಕಂಪನಿ ಎಷ್ಟು ದೊಡ್ಡದು, ಎಷ್ಟು ಹಣ ಹೂಡಿದೆ, ನನ್ನಿಂದ ಅದಕ್ಕೆ ಎಷ್ಟು ನಷ್ಟ ಆಗಿದೆ ಅನ್ನೋ ವಿವರ. ಕೊನೆಯ ಪುಟದಲ್ಲಿ ನಾಲ್ಕು ಬೇಡಿಕೆ. ಲೇಖನ ತೆಗೆಯಬೇಕು. ನನ್ನ ಹತ್ತಿರ ಇರುವ ಪ್ರತಿಗಳನ್ನೆಲ್ಲ ಒಪ್ಪಿಸಬೇಕು. ಮುಂದೆ ಬರೆಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ನಾಲ್ಕನೆಯದು, ಆ ಕಾಗದ ಕೊಟ್ಟವರ ಹೆಸರನ್ನು ಏಳು ದಿನದೊಳಗೆ ತಿಳಿಸಬೇಕು.

ಮೊದಲ ಮೂರು ಓದಿ ಸಿಟ್ಟು ಬಂತು. ನಾಲ್ಕನೆಯದನ್ನು ಓದಿದಾಗ ಕೈ ತಣ್ಣಗಾಯಿತು.

ನಾನು ನನ್ನದೇ ಒಂದು ಚಿಕ್ಕ ಜಾಲತಾಣದಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಬೆಂಗಳೂರಿನಲ್ಲಿ ಆಪ್ ನಂಬಿಕೊಂಡು ದುಡಿಯುವವರ ಕೂಲಿ, ಕೆಲಸದ ಹೊತ್ತು, ಅವರ ಜಗಳಗಳು ನನ್ನ ವಿಷಯ. ನನಗೆ ಪ್ರೆಸ್ ಕಾರ್ಡ್ ಇಲ್ಲ. ಬೆನ್ನಿಗೆ ನಿಲ್ಲುವ ಸಂಪಾದಕರಿಲ್ಲ, ಪತ್ರಿಕೆಯೂ ಇಲ್ಲ. ಈಗ ಹೇಳುತ್ತಿರುವ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾವ ವರ್ಷ, ಯಾವ ತಿಂಗಳು ಅಂತಲೂ ಹೇಳುವುದಿಲ್ಲ. ಕಾಗದ ಕೊಟ್ಟವರು ಗಂಡಸೋ ಹೆಂಗಸೋ, ಆಫೀಸಿನಲ್ಲಿ ಏನು ಕೆಲಸ ಮಾಡುತ್ತಿದ್ದರು ಅನ್ನೋದೂ ಬೇಡ. ಕನ್ನಡದಲ್ಲಿ "ಅವರು" ಅನ್ನೋ ಒಂದು ಪದ ಇದೆಯಲ್ಲ, ಅದರ ಬೆಲೆ ನನಗೆ ಗೊತ್ತಾಗಿದ್ದು ಈ ಕೇಸಿನಲ್ಲಿ.

ಅವರು ಕೊಟ್ಟಿದ್ದು ಮೂರು ಹಾಳೆಯ ಫೋಟೊ. ಮನೆ ಮನೆಗೆ ಸಾಮಾನು ತಲುಪಿಸುವ ಹುಡುಗರಿಗೆ ಇನ್ಸೆಂಟಿವ್ ಹೇಗೆ ಲೆಕ್ಕ ಹಾಕುತ್ತಾರೆ ಅನ್ನೋದು ಅದರಲ್ಲಿತ್ತು. ದಿನಕ್ಕೆ ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ದುಡ್ಡು ಅಂತ ಹುಡುಗರಿಗೆ ಹೇಳಿದ್ದರು. ಒಳಗಿನ ಲೆಕ್ಕ ಬೇರೆ ಇತ್ತು. ಗುರಿ ಹತ್ತಿರ ಬಂದವರಿಗೆ ಆರ್ಡರ್ ನಿಧಾನವಾಗಿ ಕೊಡುವ ಒಂದು ಸಾಲು ಅದರಲ್ಲಿತ್ತು. ಎಷ್ಟೋ ಹುಡುಗರು ನನಗೆ ವರ್ಷಗಟ್ಟಲೆ ಹೇಳಿದ ಮಾತು ಅದು: "ಸಾರ್, ಕೊನೇ ಎರಡು ಆರ್ಡರ್ ಬರೋದೇ ಇಲ್ಲ." ಅವರ ಅನುಮಾನ ನಿಜವಾಗಿತ್ತು. ಕಂಪನಿಯ ಪ್ರಕಾರ ಅದು ವ್ಯಾಪಾರದ ಗುಟ್ಟು, ಟ್ರೇಡ್ ಸೀಕ್ರೆಟ್.

ಅವರು ನನ್ನ ಹತ್ತಿರ ದುಡ್ಡು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು. "ನನ್ನ ಹೆಸರು ಎಲ್ಲೂ ಬರಬಾರದು. ಮನೆ ನಡೆಯೋದು ನನ್ನ ಸಂಬಳದಲ್ಲಿ." ನಾನು ಆಯ್ತು ಅಂದೆ. ಅಷ್ಟು ಸುಲಭವಾಗಿ ಅಂದುಬಿಟ್ಟೆ. ಆ ಮಾತನ್ನು ಉಳಿಸಿಕೊಳ್ಳಲು ನನ್ನ ಕೈಯಲ್ಲಿ ಏನಿದೆ ಅಂತ ಒಂದು ನಿಮಿಷವೂ ಯೋಚಿಸಿರಲಿಲ್ಲ.

ಸೋಮವಾರ ಗಾಂಧಿನಗರದಲ್ಲಿ ಒಬ್ಬ ವಕೀಲೆಯ ಆಫೀಸಿಗೆ ಹೋದೆ. ಗೆಳೆಯರೊಬ್ಬರು ಹೇಳಿ ಕಳಿಸಿದ್ದರು. ನಾನು ಕೂರುತ್ತಿದ್ದ ಹಾಗೆ ಕಥೆ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. "ಯಾರು ಕೊಟ್ಟರು ಅಂತ ನನಗೂ ಹೇಳ್ಬೇಡಿ. ನನಗೆ ಆ ಹೆಸರು ಬೇಕಾಗಿಲ್ಲ. ಆ ಫೋಟೊ ಈಗ ಎಲ್ಲೆಲ್ಲಿದೆ, ಅದನ್ನ ಹೇಳಿ."

ನಾನು ಲೆಕ್ಕ ಹಾಕಿದೆ. ಫೋನಿನ ವಾಟ್ಸಾಪಿನಲ್ಲಿದೆ. ಗ್ಯಾಲರಿಯಲ್ಲಿದೆ. ಗ್ಯಾಲರಿ ತಾನಾಗಿಯೇ ಗೂಗಲ್‌ಗೆ ಬ್ಯಾಕಪ್ ಆಗುತ್ತದೆ, ಹಾಗಾಗಿ ಅಲ್ಲೂ ಇದೆ. ವಾಟ್ಸಾಪಿನ ಬ್ಯಾಕಪ್ ಬೇರೆ. ಲ್ಯಾಪ್‌ಟಾಪಿನಲ್ಲಿದೆ. ಜಾಲತಾಣದ ಸರ್ವರಿನಲ್ಲಿದೆ. ಆರು ಕಡೆ. ಒಬ್ಬರ ಬದುಕನ್ನು ಆರು ಕಡೆ ಬಿಸಾಕಿದ್ದೆ.

"ಈಗಲೇ ಎಲ್ಲ ಅಳಿಸಿಬಿಡ್ತೀನಿ ಮೇಡಂ" ಅಂದೆ.

"ಮುಟ್ಬೇಡಿ" ಅಂದರು, ಸ್ವಲ್ಪ ಜೋರಾಗಿಯೇ. ನೋಟಿಸು ಬರುವ ಮೊದಲು ಅಳಿಸಿದ್ದರೆ ಅದು ನನ್ನ ಅಭ್ಯಾಸ. ಬಂದ ಮೇಲೆ ಅಳಿಸಿದರೆ ಸಾಕ್ಷಿ ನಾಶ. ಕೋರ್ಟಿಗೆ ಹೋಗಬಹುದಾದ ದಾಖಲೆಯನ್ನು ಸಿಗದಂತೆ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಡಿ ಅಪರಾಧ. ಅದಕ್ಕೆ ಎಲೆಕ್ಟ್ರಾನಿಕ್ ದಾಖಲೆಯೂ ಸೇರುತ್ತದೆ. ಈಗ ಇರುವುದು ಸಿವಿಲ್ ವಿಷಯ, ಅದನ್ನು ಕೈಯಾರೆ ಕ್ರಿಮಿನಲ್ ಮಾಡಿಕೊಳ್ಳಬೇಡಿ ಅಂದರು. ನನ್ನಂತೆ ಬರೆಯುವವರೆಲ್ಲ ಇದನ್ನು ಮೊದಲೇ ತಿಳಿದಿರಬೇಕು. ಗಾಬರಿಯಲ್ಲಿ ಎಲ್ಲರ ಬೆರಳೂ ಮೊದಲು ಹೋಗುವುದು ಡಿಲೀಟ್ ಗುಂಡಿಯ ಕಡೆಗೇ.

ಆಮೇಲೆ ನಾನು ಕೇಳಬೇಕಾದ ಪ್ರಶ್ನೆ ಕೇಳಿದೆ. ಪತ್ರಕರ್ತರು ಸೋರ್ಸ್, ಅಂದರೆ ಸುದ್ದಿ ಕೊಟ್ಟವರ ಹೆಸರು ಹೇಳಬೇಕಾಗಿಲ್ಲ ಅಂತ ಕಾನೂನು ಇದೆ ಅಲ್ವಾ?

ಇಲ್ಲ. ಹಾಗೆ ನೇರವಾಗಿ ಹೇಳುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿ ಒಂದು ಸಾಲು ಇದೆ, ಸುದ್ದಿಯ ಮೂಲ ಹೇಳಿ ಅಂತ ಯಾವ ಪತ್ರಿಕೆಯನ್ನೂ ಪತ್ರಕರ್ತರನ್ನೂ ಒತ್ತಾಯಿಸುವಂತಿಲ್ಲ ಅಂತ. ಆದರೆ ಅದು ಕೌನ್ಸಿಲ್ ನಡೆಸುವ ವಿಚಾರಣೆಗೆ ಮಾತ್ರ. ಕೋರ್ಟಿಗೂ ಪೊಲೀಸರಿಗೂ ಅದು ಅನ್ವಯ ಆಗುವುದಿಲ್ಲ. 1983ರಲ್ಲಿ ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ ಸಾಕ್ಷ್ಯ ಕಾಯ್ದೆಗೆ ಇಂಥ ಒಂದು ರಕ್ಷಣೆ ಸೇರಿಸಿ ಅಂತ ಶಿಫಾರಸು ಮಾಡಿತ್ತು. ಸೇರಿಸಲಿಲ್ಲ. ಸಾಕ್ಷ್ಯ ಕಾಯ್ದೆಯೇ ಹೋಗಿ 2024ರ ಜುಲೈಯಿಂದ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು, ಆಗಲೂ ಸೇರಲಿಲ್ಲ. ಫೋನಿನೊಳಗೆ ಇಣುಕುವ ಪೆಗಾಸಸ್ ಅನ್ನೋ ಗೂಢಚಾರಿ ತಂತ್ರಾಂಶದ ವಿಚಾರದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಸೋರ್ಸ್‌ಗಳ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಭಾಗ ಅಂತ ಹೇಳಿತು. ನಾವು ಹಿಡಿದುಕೊಳ್ಳಬಹುದಾದ ದೊಡ್ಡ ಆಸರೆ ಅದು. ಆದರೆ 2023ರಲ್ಲಿ ದೆಹಲಿಯ ಸಿಬಿಐ ನ್ಯಾಯಾಲಯವೊಂದು, ತನಿಖಾ ಸಂಸ್ಥೆಗೆ ಮೂಲ ಹೇಳದಿರಲು ಪತ್ರಕರ್ತರಿಗೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ ಅಂತಲೂ ಹೇಳಿದೆ.

"ಪ್ರೆಸ್ ಕಾರ್ಡ್ ಇದ್ದವರ ಗತಿಯೇ ಇದು" ಅಂದರು ಮೇಡಂ. "ಕೋರ್ಟು ಹೆಸರು ಹೇಳಿ ಅಂತ ಆದೇಶ ಮಾಡಿದ ಮೇಲೂ ಸುಮ್ನಿದ್ರೆ ನಿಮ್ಮ ಡಿಫೆನ್ಸನ್ನೇ ಹೊಡೆದುಹಾಕಬಹುದು. ಆದೇಶ ಮೀರಿದ್ದಕ್ಕೆ ಜೈಲೂ ಆಗಬಹುದು. ನಾನು ನಿಮಗೆ ಸುಳ್ಳು ಧೈರ್ಯ ಕೊಡಲ್ಲ."

ಹೊರಡುವಾಗ ಅವರು ಒಂದು ಕಟ್ಟು ಜೆರಾಕ್ಸ್ ಕೊಟ್ಟರು. "ಇದು ನಮ್ಮ ಕೋರ್ಟನ್ನ ಕಟ್ಟಿಹಾಕಲ್ಲ. ಆದ್ರೂ ಓದಿ. ನಮ್ಮ ಉತ್ತರ ಇದರೊಳಗಿದೆ."

ಅದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮೇಲ್ಮನವಿ ನ್ಯಾಯಾಲಯ 2006ರ ಮೇ 26ರಂದು ಕೊಟ್ಟ ತೀರ್ಪು. ಓಗ್ರೇಡಿ ಕೇಸು ಅನ್ನುತ್ತಾರೆ. ಮೂರು ರಾತ್ರಿ ಕೂತು ಓದಿದೆ. ಇಷ್ಟು ವರ್ಷ ನಾನು ಇದನ್ನು ಓದದೆ ಹೇಗೆ ಬರೆಯುತ್ತಿದ್ದೆ ಅನಿಸಿತು.

ಕಥೆ ಶುರುವಾಗುವುದು 2004ರ ನವೆಂಬರಿನಲ್ಲಿ. ಆಪಲ್ ಕಂಪನಿ ಗಿಟಾರು, ಮೈಕು ಜೋಡಿಸಿ ತನ್ನ ಗರಾಜ್‌ಬ್ಯಾಂಡ್ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಒಂದು ಪೆಟ್ಟಿಗೆ ತಯಾರಿಸುತ್ತಿತ್ತು. ಒಳಗಿನ ಹೆಸರು ಆಸ್ಟರಾಯ್ಡ್. ಪವರ್‌ಪೇಜ್, ಆಪಲ್‌ಇನ್‌ಸೈಡರ್ ಅನ್ನೋ ಎರಡು ಜಾಲತಾಣಗಳು ಅದರ ವಿವರ ಬರೆದವು. ಡಿಸೆಂಬರಿನಲ್ಲಿ ಆಪಲ್ ಸಾಂತಾ ಕ್ಲಾರಾ ಕೋರ್ಟಿಗೆ ಹೋಯಿತು. ಕೇಸು ಹಾಕಿದ್ದು ಬರೆದವರ ಮೇಲಲ್ಲ, ಗುಟ್ಟು ಕೊಟ್ಟ ಹೆಸರಿಲ್ಲದವರ ಮೇಲೆ. ಆ ಹೆಸರು ಪತ್ತೆ ಮಾಡಲು ಪವರ್‌ಪೇಜಿನ ಇಮೇಲ್ ಇಟ್ಟುಕೊಂಡಿದ್ದ ಒಂದು ಸಣ್ಣ ಕಂಪನಿಗೆ, ಪತ್ರಗಳನ್ನು ಒಪ್ಪಿಸಿ ಅಂತ ಸಬ್‌ಪೀನಾ, ಅಂದರೆ ದಾಖಲೆ ತಂದೊಪ್ಪಿಸಲು ಹೇಳುವ ಕೋರ್ಟಿನ ಆಜ್ಞಾಪತ್ರ, ಕಳಿಸಿತು. ಬರೆದವನನ್ನು ಕೇಳುವ ಗೋಜೇ ಬೇಡ, ಅವನ ಅಂಚೆ ಪೆಟ್ಟಿಗೆಯನ್ನೇ ಒಡೆಯೋಣ ಅಂತ. ಇದನ್ನು ಓದುವಾಗ ನನ್ನ ಫೋನಿನ ಬ್ಯಾಕಪ್ ನೆನಪಾಗಿ ಬೆನ್ನು ಬೆವೆತಿತು.

ಕೆಳಗಿನ ಕೋರ್ಟು 2005ರ ಮಾರ್ಚಿನಲ್ಲಿ ಆಪಲ್ ಕಡೆ ನಿಂತಿತು. ಬರೆದವರು ಪತ್ರಕರ್ತರೋ ಅಲ್ಲವೋ, ಗುಟ್ಟು ಕದ್ದದ್ದಕ್ಕೆ ವಿನಾಯಿತಿ ಇಲ್ಲ ಅಂತ. ಬರೆದವರ ಪರವಾಗಿ, ಇಂಟರ್ನೆಟ್ ಬಳಸುವವರ ಹಕ್ಕಿಗೆ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ನಿನ ವಕೀಲರು ಮೇಲಕ್ಕೆ ಹೋದರು. ಮೇಲಿನ ಕೋರ್ಟು ಅದನ್ನು ಪೂರ್ತಿ ತಿರುಗಿಸಿತು. ಇಮೇಲ್ ವಿಷಯದಲ್ಲಿ ಅದು ಹಿಡಿದಿದ್ದು 1986ರ ಒಂದು ಒಕ್ಕೂಟ ಕಾಯ್ದೆಯನ್ನು. ಸಿವಿಲ್ ಕೇಸಿನವರು ಸಬ್‌ಪೀನಾ ಕಳಿಸಿದರೆ ಇಮೇಲ್ ಕಂಪನಿ ಪತ್ರದ ಒಳಗಿನ ಮಾತನ್ನು ಬಿಟ್ಟುಕೊಡುವಂತಿಲ್ಲ ಅಂತ ತೀರ್ಮಾನಿಸಿತು.

ನನಗೆ ಜಾಸ್ತಿ ಹಿಡಿಸಿದ್ದು ಮುಂದಿನ ಭಾಗ. ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಸೋರ್ಸ್ ರಕ್ಷಣೆ ಇದೆ. ಅದು ಪತ್ರಿಕೆ, ನಿಯತಕಾಲಿಕ ಅಥವಾ ಅಂಥ ಬೇರೆ ಪ್ರಕಟಣೆಗೆ ಸೇರಿದವರಿಗೆ ಅನ್ನುತ್ತದೆ. ಜಾಲತಾಣ ಅಂಥ ಪ್ರಕಟಣೆಯಾ? ನ್ಯಾಯಾಧೀಶರು ಈ ಒಂದು ಪದದ ಮೇಲೆ ಎಷ್ಟೋ ಪುಟ ಕೂತಿದ್ದಾರೆ. ಕೊನೆಗೆ ಹೌದು ಅಂದರು. ಇವರು ನಿಜವಾದ ಪತ್ರಕರ್ತರೇ ಅಲ್ಲ, ಕಂಪನಿಯ ಕಾಗದವನ್ನು ಹಾಗೇ ಹಾಕಿದ್ದಾರೆ ಅನ್ನೋದು ಆಪಲ್ ವಾದ. ಯಾವುದು ಒಳ್ಳೆಯ ಪತ್ರಿಕೋದ್ಯಮ, ಯಾವುದು ಅಲ್ಲ ಅಂತ ಅಳೆಯುವ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ ಅಂದಿತು ಕೋರ್ಟು. ಸುದ್ದಿ ಸಂಗ್ರಹಿಸಿ ಜನರಿಗೆ ಮುಟ್ಟಿಸಿದರು, ಅಷ್ಟು ಸಾಕು. ಪ್ರೆಸ್ ಕಾರ್ಡ್ ಇಲ್ಲದ ನಾನು ಆ ಪುಟವನ್ನು ನಾಲ್ಕು ಸಲ ಓದಿದೆ.

ಇನ್ನೊಂದು ಮಾತು. ಆ ಕಾಗದ ನೋಡಬಲ್ಲ ನೌಕರರು ಆಪಲ್‌ನಲ್ಲಿ ಕೆಲವೇ ಜನ. ಕಂಪನಿ ಅವರನ್ನು ತಾನೇ ವಿಚಾರಿಸಿತ್ತು, ಆದರೆ ಪ್ರಮಾಣ ಮಾಡಿಸಿ ಕೇಳಿರಲಿಲ್ಲ. ಮೊದಲು ನಿಮ್ಮ ಮನೆಯೊಳಗೆ ಹುಡುಕುವುದನ್ನು ಮುಗಿಸಿ, ಬರೆದವನ ಹತ್ತಿರ ಬರುವುದು ಕೊನೆಗೆ ಅಂತ ಕೋರ್ಟು ಹೇಳಿತು. ಮೇಡಂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದು ಇಲ್ಲಿಗೇ.

ಅದೇ ಹೊತ್ತಿಗೆ ಆಪಲ್ ಥಿಂಕ್ ಸೀಕ್ರೆಟ್ ಅನ್ನೋ ಇನ್ನೊಂದು ಜಾಲತಾಣದ ಮೇಲೆ ನೇರವಾಗಿಯೇ ಕೇಸು ಹಾಕಿತ್ತು. ಅದನ್ನು ನಡೆಸುತ್ತಿದ್ದವನು ಹಾರ್ವರ್ಡಿನ ವಿದ್ಯಾರ್ಥಿ. 2007ರಲ್ಲಿ ರಾಜಿ ಆಯಿತು. ಸೋರ್ಸ್ ಹೆಸರು ಹೊರಬರಲಿಲ್ಲ, ಜಾಲತಾಣ ಮುಚ್ಚಿತು. ಅದನ್ನು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಆ ರಾತ್ರಿ ಅಮ್ಮ ಬಂದು ಕೇಳಿದರು. "ಯಾರೋ ಒಬ್ರ ಹೆಸರು ಹೇಳಿದ್ರೆ ಮುಗಿಯತ್ತಂತೆ, ಹೌದಾ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಮ್ಮ."

ಸ್ವಲ್ಪ ಹೊತ್ತು ನಿಂತಿದ್ದರು. "ಹಾಗಾದ್ರೆ ಹೇಳ್ಬೇಡ" ಅಂದು ದೀಪ ಆರಿಸಿ ಹೋದರು.

ಎರಡನೇ ಸಲ ಆಫೀಸಿಗೆ ಹೋದಾಗ ಮೇಡಂ ನನ್ನ ಲೇಖನದ ಪ್ರಿಂಟ್ ಮೇಜಿನ ಮೇಲೆ ಹರಡಿಕೊಂಡಿದ್ದರು. ಫೋಟೊಗಳ ಕೆಳಗಿನ ಅಂಚನ್ನು ನಾನು ಕತ್ತರಿಸಿದ್ದೆ. ಪ್ರಿಂಟ್ ಆದ ದಿನ, ಗಂಟೆ, ಒಂದು ಆರಂಕಿ ಸಂಖ್ಯೆ ಅಲ್ಲಿರುತ್ತದೆ ಅಂತ ಗೊತ್ತಿತ್ತು. ಮೊದಲೆರಡು ಹಾಳೆ ಸರಿಯಾಗಿತ್ತು. ಮೂರನೆಯದರಲ್ಲಿ ಕೈ ಒಂದು ಕೂದಲೆಳೆ ಜಾರಿದೆ. ಅಂಕಿಗಳ ಕೆಳಗಿನ ಅರ್ಧ ಹೋಗಿದೆ, ಮೇಲಿನ ಅರ್ಧ ಉಳಿದಿದೆ. ಅವರು ಒಂದು ವಿಸಿಟಿಂಗ್ ಕಾರ್ಡನ್ನು ಆ ಸಾಲಿನ ಕೆಳಗೆ ಒತ್ತಿ ಹಿಡಿದು ನಿಧಾನವಾಗಿ ಓದಿದರು. "ನಾಲ್ಕು. ಒಂದು. ಇದು ಮೂರು ಇರಬಹುದು, ಎಂಟೂ ಇರಬಹುದು. ಇದು ಏಳು."

ನಾನು ಏನೂ ಹೇಳಲಿಲ್ಲ. ಲೇಖನ ಹಾಕಿ ಆಗಲೇ ಹನ್ನೆರಡು ದಿನ ಆಗಿತ್ತು. ಸಾವಿರಾರು ಜನ ನೋಡಿದ್ದರು. ಸ್ಯಾನ್ ಹೋಸೆಯ ಮೂವರು ನ್ಯಾಯಾಧೀಶರು ಬಂದು ನನ್ನ ಪರ ನಿಂತರೂ ಆ ಅರ್ಧ ಅಂಕಿಗಳನ್ನು ವಾಪಸು ಪಡೆಯಲು ಆಗುತ್ತಿರಲಿಲ್ಲ.

ಮುಂದಿನ ಕೆಲಸ ಬೇಗ ಬೇಗ ಆಯಿತು. ಅಸಲು ಫೋಟೊಗಳನ್ನು ಒಂದು ಮೆಮೊರಿ ಕಾರ್ಡಿಗೆ ಹಾಕಿ ಲಕೋಟೆಯಲ್ಲಿ ಮುಚ್ಚಿ ಮೇಡಂ ತಮ್ಮ ಬೀರುವಿನಲ್ಲಿ ಇಟ್ಟರು. ನೋಟಿಸಿಗೆ ಉತ್ತರ ಹೋಯಿತು. ನಾನು ಕಂಪನಿಯ ಜೊತೆ ಯಾವ ಕರಾರೂ ಮಾಡಿಕೊಂಡಿಲ್ಲ, ಕಾಗದ ಕದಿಯಲು ಯಾರಿಗೂ ಹೇಳಿಲ್ಲ, ದುಡಿಯುವವರ ಕೂಲಿ ಲೆಕ್ಕ ದುಡಿಯುವವರಿಗೆ ತಿಳಿಯಬೇಕಾದದ್ದು, ಹೆಸರು ಹೇಳುವುದಿಲ್ಲ. ನಮ್ಮಲ್ಲಿ ವ್ಯಾಪಾರದ ಗುಟ್ಟಿಗೆ ಅಂತಲೇ ಒಂದು ಕಾಯ್ದೆ ಇಲ್ಲ. ಕರಾರು ಮುರಿದದ್ದು, ನಂಬಿಕೆ ಮುರಿದದ್ದು ಅಂತ ಕೇಸು ನಡೆಯುತ್ತದೆ. ಕಾನೂನು ಆಯೋಗ 2024ರ ಮಾರ್ಚಿನಲ್ಲಿ 289ನೇ ವರದಿಯಲ್ಲಿ ಕರಡು ಮಸೂದೆ ಕೊಟ್ಟಿದೆ. ಅದು ಕಾಯ್ದೆಯಾಗಿ ಬರುವ ದಿನ ನನ್ನಂಥವರು ಪ್ರತಿ ಸಾಲನ್ನೂ ಓದಬೇಕು.

ಜೊತೆಗೆ ಸಿಟಿ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ ಹಾಕಿದೆವು. ಕಂಪನಿ ಸದ್ದಿಲ್ಲದೆ ಹೋಗಿ ನಮ್ಮ ಮಾತು ಕೇಳದೆಯೇ ತಡೆಯಾಜ್ಞೆ ತರದಂತೆ ಇದು ಕಾಪಾಡುತ್ತದೆ. ತೊಂಬತ್ತು ದಿನ ಮಾತ್ರ. ದಿನ ಸಂಜೆ ಫೋನಿನಲ್ಲಿ ಕೇಸ್ ಸ್ಟೇಟಸ್ ನೋಡುವುದು ಅಭ್ಯಾಸ ಆಯಿತು. ನನಗೆ ಕೋರ್ಟಿಗಿಂತ ಪೊಲೀಸರ ಹೆದರಿಕೆ ಜಾಸ್ತಿ ಇತ್ತು. ಐಟಿ ಕಾಯ್ದೆಯ ದೂರು ಕೊಡುತ್ತೇವೆ ಅಂತ ನೋಟಿಸಿನಲ್ಲೇ ಇತ್ತು. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಲ್ಲಿ ಪೊಲೀಸರು ಫೋನನ್ನೇ ತಂದೊಪ್ಪಿಸಿ ಅನ್ನಬಹುದು. ಫೋನ್ ಹೋದರೆ ಈ ಸೋರ್ಸ್ ಒಬ್ಬರೇ ಅಲ್ಲ, ಐದು ವರ್ಷದಿಂದ ನನ್ನ ಜೊತೆ ಮಾತಾಡಿದವರೆಲ್ಲ ಹೋದ ಹಾಗೆ. ಪತ್ರಕರ್ತರ ಫೋನು, ಲ್ಯಾಪ್‌ಟಾಪು ಜಪ್ತಿ ಮಾಡುವುದಕ್ಕೆ ಒಂದು ಕ್ರಮ ಇರಲಿ ಅಂತ ಸುಪ್ರೀಂ ಕೋರ್ಟು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿದ್ದು ಯಾಕೆ ಅಂತ ನನಗೆ ಆಗ ಅರ್ಥ ಆಯಿತು. ನನ್ನ ಪುಣ್ಯ, ಪೊಲೀಸ್ ದೂರು ಬರಲಿಲ್ಲ.

ಏಳನೇ ವಾರ ಕಂಪನಿ ದಾವೆ ಹಾಕಿತು. ಎರಡು ಅರ್ಜಿ. ಒಂದು ತಡೆಯಾಜ್ಞೆಗೆ, ಇನ್ನೊಂದು ನನ್ನಿಂದ ಹೆಸರು ಹೇಳಿಸಲು. ಕೇವಿಯಟ್ ಇದ್ದದ್ದರಿಂದ ನಮಗೆ ಮೊದಲೇ ಪ್ರತಿ ಸಿಕ್ಕಿತು. ದಾವೆಯ ಜೊತೆ ನನ್ನ ಲೇಖನದ ಪ್ರಿಂಟ್ ಲಗತ್ತಿಸಿದ್ದರು. ನಾನು ಮೊದಲು ತೆರೆದಿದ್ದು ಮೂರನೇ ಹಾಳೆ. ಜೆರಾಕ್ಸ್ ಮಸುಕಾಗಿ ಆ ಸಾಲು ಬರೀ ಕಪ್ಪು ಪಟ್ಟಿಯಾಗಿತ್ತು. ಅವರು ಗಮನಿಸಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ಮೈಸೂರ್ ಬ್ಯಾಂಕ್ ಸರ್ಕಲ್ ಹತ್ತಿರದ ಆ ಕೋರ್ಟಿನಲ್ಲಿ ನಮ್ಮದು ಪಟ್ಟಿಯಲ್ಲಿ 43ನೇ ಕೇಸು. ಮಧ್ಯಾಹ್ನ ಊಟದ ಮೇಲೆ ಕೂಗಿದರು. ಮೇಡಂ ಮೊದಲು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಕೇಸಿನ 2024ರ ತೀರ್ಪು ಮುಂದಿಟ್ಟರು. ವಿಚಾರಣೆ ನಡೆಯುವ ಮೊದಲೇ ಲೇಖನಕ್ಕೆ ತಡೆ ಕೊಡುವುದು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಅಂತ ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದೆ. ಅದು ಮಾನಹಾನಿಯ ಕೇಸು, ಇದು ಗುಟ್ಟಿನ ಕೇಸು ಅಂತ ಆ ಕಡೆಯ ವಕೀಲರು ಎದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಇನ್ನೇನು ತಡೆ ಸಿಕ್ಕೇ ಬಿಟ್ಟಿತು ಅಂದುಕೊಂಡೆ.

ಆಗ ನ್ಯಾಯಾಧೀಶರು ನಮ್ಮ ಆಕ್ಷೇಪಣೆಯ ಪುಟ ತಿರುವುತ್ತ ಕೇಳಿದರು. "ಈ ಕಾಗದ ನೋಡೋ ಅಧಿಕಾರ ನಿಮ್ಮಲ್ಲಿ ಎಷ್ಟು ಜನಕ್ಕಿತ್ತು?"

ವಕೀಲರು ಹಿಂದೆ ತಿರುಗಿದರು. ಕಂಪನಿಯವರು ಏನೋ ಪಿಸುಗುಟ್ಟಿದರು. "ಸುಮಾರು ನಲವತ್ತು ಜನ, ಸ್ವಾಮಿ."

"ಅವರನ್ನೆಲ್ಲ ಕೇಳಿ ಆಯ್ತಾ?"

"ಒಳಗಿನ ವಿಚಾರಣೆ ನಡೀತಿದೆ."

"ಅದು ಮುಗೀಲಿ."

ಫೋಟೊಗಳನ್ನು ಮುಂದಿನ ತಾರೀಖಿನವರೆಗೆ ತೆಗೆಯಿರಿ, ಬರಹ ಇರಲಿ, ಎರಡನೇ ಅರ್ಜಿ ಆಮೇಲೆ ನೋಡೋಣ ಅಂತ ಆದೇಶ ಆಯಿತು. ಎಲ್ಲ ಸೇರಿ ಹತ್ತು ನಿಮಿಷ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಲಿನಲ್ಲಿ ಬಲ ಇರಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಇನ್ನೊಂದು ಯೋಚನೆ ಶುರುವಾಯಿತು. ಆ ಪ್ರಶ್ನೆಯಿಂದ ನಾನು ಬಚಾವಾದೆ. ಆದರೆ ಅದರ ಅರ್ಥ ಏನು? ಆ ನಲವತ್ತು ಜನರನ್ನು ಒಬ್ಬೊಬ್ಬರಾಗಿ ಒಂದು ರೂಮಿಗೆ ಕರೆಯುತ್ತಾರೆ ಅಂತ. ಅದರಲ್ಲಿ ಮೂವತ್ತೊಂಬತ್ತು ಜನಕ್ಕೆ ಇದರ ಗಂಧಗಾಳಿಯೂ ಇಲ್ಲ. ಹಾಗಂತ ಬರೆದದ್ದು ತಪ್ಪಾಯಿತು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಆ ಸಾಲನ್ನು ಓದಿದ ಹುಡುಗರು ನನಗೆ ಮಾಡಿದ ಫೋನುಗಳನ್ನು ನಾನು ಮರೆತಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆಪ್ ನಂಬಿ ದುಡಿಯುವವರಿಗಾಗಿ, ಕಾಯ್ದೆ ತಂದಿತು. ಅವರ ಕೆಲಸ, ಕೂಲಿ ತೀರ್ಮಾನಿಸುವ ಯಂತ್ರದ ಲೆಕ್ಕ ಅವರಿಗೆ ತಿಳಿಯಬೇಕು ಅನ್ನೋ ಮಾತು ಅದರಲ್ಲೂ ಇದೆ.

ಆಮೇಲೆ ನಾಲ್ಕು ತಾರೀಖು ಬಿತ್ತು. ಐದನೆಯದಕ್ಕೆ ಮೊದಲು ಕಂಪನಿಯ ವಕೀಲರೇ ಮೇಡಂಗೆ ಫೋನ್ ಮಾಡಿದರು. ಫೋಟೊ ಮತ್ತೆ ಹಾಕುವುದಿಲ್ಲ, ಇರುವ ಪ್ರತಿಗಳನ್ನು ನಾಶ ಮಾಡುತ್ತೇನೆ ಅಂತ ನಾನು ಬರೆದುಕೊಡಬೇಕು. ಅವರು ಹೆಸರಿನ ಬೇಡಿಕೆ ಬಿಡುತ್ತಾರೆ. ಎರಡು ದಿನ ನಿದ್ದೆ ಬರಲಿಲ್ಲ. ಒಪ್ಪಿದರೆ ಸೋರ್ಸ್ ಹೆಸರು ಕೇಳಬಹುದೋ ಬಾರದೋ ಅನ್ನೋ ಪ್ರಶ್ನೆಗೆ ಕೋರ್ಟಿನಿಂದ ಉತ್ತರ ಬರುವುದಿಲ್ಲ. ಮುಂದೆ ಇಂಥದೇ ನೋಟಿಸು ಬರುವವರಿಗೆ ನನ್ನ ಕೇಸಿನಿಂದ ಏನೂ ಸಿಗುವುದಿಲ್ಲ. ಒಪ್ಪದಿದ್ದರೆ, ಉತ್ತರ ನಮ್ಮ ವಿರುದ್ಧವೂ ಬರಬಹುದು. ಆಗ ಬೆಲೆ ಕಟ್ಟುವವರು ನಾನೊಬ್ಬನೇ ಅಲ್ಲ. ಒಪ್ಪಿದೆ. ರಾಜಿ ಅರ್ಜಿ ಹಾಕಿ ದಾವೆ ಮುಗಿಯಿತು. ಮೇಡಂ ಆಫೀಸಿನಲ್ಲಿ ಆರೂ ಕಡೆಯಿಂದ ಒಂದೊಂದಾಗಿ ಅಳಿಸಿದೆ. ಮೆಮೊರಿ ಕಾರ್ಡನ್ನು ಅವರೇ ಇಕ್ಕಳದಲ್ಲಿ ಮುರಿದರು.

ಈಗ ನಾನು ಯಾರ ಕಾಗದದ ಫೋಟೊವನ್ನೂ ಹಾಕುವುದಿಲ್ಲ. ಓದಿ, ಬೇರೆ ಇಬ್ಬರಿಂದ ಖಾತ್ರಿ ಮಾಡಿಕೊಂಡು ನನ್ನ ಮಾತಿನಲ್ಲಿ ಬರೆಯುತ್ತೇನೆ. ಒಬ್ಬೊಬ್ಬರ ಪ್ರತಿಯಲ್ಲಿ ಒಂದೊಂದು ಪದ ಬದಲಿಸಿ ಹಂಚುವ ಕಂಪನಿಗಳೂ ಇವೆ, ಹಾಗಾಗಿ ಸಾಲನ್ನು ಹಾಗೇ ಎತ್ತಿ ಬರೆಯುವುದೂ ಇಲ್ಲ. ಗ್ಯಾಲರಿ ಬ್ಯಾಕಪ್ ನಿಲ್ಲಿಸಿದ್ದೇನೆ. ಮಾತು ಕೊಡುವ ಮೊದಲು ಕಾನೂನು ನನ್ನನ್ನು ಎಲ್ಲಿಯವರೆಗೆ ಕಾಪಾಡುತ್ತದೆ, ಎಲ್ಲಿ ಕೈ ಬಿಡುತ್ತದೆ ಅಂತ ಎದುರಿಗೆ ಕೂತವರಿಗೆ ಬಿಡಿಸಿ ಹೇಳುತ್ತೇನೆ. ಕೇಳಿ ಎದ್ದು ಹೋದವರೂ ಇದ್ದಾರೆ. ಹೋಗಲಿ, ಅದು ಅವರ ಹಕ್ಕು.

ಎಲ್ಲ ಮುಗಿದು ಎಂಟು ತಿಂಗಳಿಗೆ, ಆ ಕಾಗದ ಕೊಟ್ಟವರು ಬೇರೆ ಯಾರದೋ ಫೋನಿನಿಂದ ಕರೆ ಮಾಡಿದರು. ಒಂದು ದರ್ಶಿನಿಯಲ್ಲಿ ಸಿಕ್ಕೆವು, ನಿಂತುಕೊಂಡೇ ಕಾಫಿ. ನಾನು ಮೊದಲು ಮೂರನೇ ಹಾಳೆಯ ವಿಷಯ ಹೇಳಿ ಕ್ಷಮೆ ಕೇಳಿದೆ.

"ನೋಡಿದ್ದೆ" ಅಂದರು. "ನೀವು ಹಾಕಿದ ದಿನವೇ ನೋಡಿದ್ದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಫೋನ್ ಮಾಡಿದ್ರೆ ಅದೇ ಒಂದು ಸುಳಿವಾಗತ್ತಲ್ಲ." ಲೋಟ ಇಟ್ಟರು. "ಅದು ನನ್ನ ನಂಬರ್ ಅಲ್ಲ. ಆ ಮಹಡಿಯ ಪ್ರಿಂಟರ್‌ದು. ಆದ್ರೆ ಆ ರೂಮಿಗೆ ಕರೆದ ದಿನ ನನಗೂ ಅದು ಖಾತ್ರಿ ಇರಲಿಲ್ಲ."

ರೂಮಿನಲ್ಲಿ ಎಷ್ಟು ಹೊತ್ತು ಕೂರಿಸಿದ್ದರು ಅಂತ ಕೇಳಿದೆ. ಅವರು ತಲೆ ಆಡಿಸಿದರು, ಹೇಳಲಿಲ್ಲ. ಮಗುವಿಗೆ ಸ್ಕೂಲು ಬಿಡುವ ಹೊತ್ತಾಯಿತು ಅಂದು ಹೊರಟರು. ನಾನು ಇನ್ನೊಂದು ಕಾಫಿ ತಗೊಂಡು ಹತ್ತು ನಿಮಿಷ ಬಿಟ್ಟು, ಇನ್ನೊಂದು ಬಾಗಿಲಿನಿಂದ ಹೊರಗೆ ಬಂದೆ.